ಜೆಡಿಗೆ ಸೈಟ್ ಕೊಟ್ಟವರು ಬಿಲ್ಡರ್‌ಗೆ ಪಾರ್ಟ್ನರಾ, ಗ್ರಾಹಕರಾ?

ನಾವು ಪುಣೆಯಲ್ಲೋ ಹೈದರಾಬಾದಿನಲ್ಲೋ ಲ್ಯಾಪ್‌ಟಾಪ್ ಮುಂದೆ ಕೂತಿರ್ತೀವಿ, ಊರಲ್ಲಿ ಅಪ್ಪ ಅಮ್ಮ ಹಳೇ ಮನೆಯಲ್ಲಿ ಇರ್ತಾರೆ. ಒಂದು ದಿನ ಬಿಲ್ಡರ್ ಬಂದು, "ಜಾಗ ನಿಮ್ದು, ದುಡ್ಡು ನಮ್ದು, ಕಟ್ಟಿ ಹಂಚ್ಕೊಳ್ಳೋಣ, ನಾವಿಬ್ರೂ ಪಾರ್ಟ್ನರ್ಸ್ ಇದ್ದಂಗೆ ಸಾರ್" ಅಂತಾನೆ. ಇದೇ ಜಾಯಿಂಟ್ ಡೆವಲಪ್‌ಮೆಂಟ್, ನಮ್ಮ ಬಾಯಲ್ಲಿ ಜೆಡಿ. ಪಾರ್ಟ್ನರ್ ಅನ್ನೋ ಆ ಪದ ಕೇಳೋಕೆ ಚೆನ್ನಾಗಿರುತ್ತೆ. ಜಗಳ ಬಂದಾಗ ಅದೇ ಪದ ಹೇಗೆ ತಿರುಗಿ ಬೀಳುತ್ತೆ ಅನ್ನೋದಕ್ಕೆ ದೆಹಲಿಯ ಒಂದು ಕೇಸ್ ಹೇಳ್ತೀನಿ. ನಾನು ಲಾಯರ್ ಅಲ್ಲ, ಕೋಡ್ ಬರೆಯೋನು. ಆದರೆ ಈ ತೀರ್ಪು ನಾವು ಆಫೀಸಲ್ಲಿ ಓದೋ ಎಷ್ಟೋ ಡಿಸೈನ್ ಡಾಕ್ಯುಮೆಂಟ್‌ಗಳಿಗಿಂತ ಸ್ಪಷ್ಟವಾಗಿದೆ.

ಕೇಸಿನ ಹೆಸರು ಫಕೀರ್ ಚಂದ್ ಗುಲಾಟಿ ವಿರುದ್ಧ ಉಪ್ಪಲ್ ಏಜೆನ್ಸೀಸ್. 1991ರಲ್ಲಿ ಆದ ಒಪ್ಪಂದ. ಹಳೇ ಮನೆ ಕೆಡವಿ ಬಿಲ್ಡರ್ ತನ್ನ ಖರ್ಚಲ್ಲಿ ಹೊಸದು ಕಟ್ಟಬೇಕು. ನೆಲಮಹಡಿ ಮಾಲೀಕರಿಗೆ, ಜೊತೆಗೆ 8 ಲಕ್ಷ ರೂಪಾಯಿ. ಮೇಲಿನ ಮಹಡಿಗಳು ಬಿಲ್ಡರ್‌ಗೆ. ಪತ್ರದ ತಲೆಬರಹ "ಕೊಲಾಬರೇಷನ್ ಅಗ್ರಿಮೆಂಟ್". ಕಟ್ಟಿದ್ದಾಯ್ತು, ಆದರೆ ನಕ್ಷೆ ಮೀರಿದ ಕೆಲಸ, ಕಂಪ್ಲೀಷನ್ ಸರ್ಟಿಫಿಕೇಟ್ ಇಲ್ಲ ಅನ್ನೋ ತಕರಾರು ಶುರುವಾಯ್ತು. ಮಾಲೀಕರು ಗ್ರಾಹಕರ ವೇದಿಕೆಗೆ ಹೋದರು. ಜಿಲ್ಲಾ ವೇದಿಕೆ, ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ, ಮೂರೂ ಕಡೆ ಒಂದೇ ಉತ್ತರ: ಇದು ಜಾಯಿಂಟ್ ವೆಂಚರ್, ನೀವು ಗ್ರಾಹಕರೇ ಅಲ್ಲ. ಅಂದ್ರೆ ದೂರಿನಲ್ಲಿ ಹುರುಳಿದೆಯೋ ಇಲ್ಲವೋ ಅಂತ ನೋಡೋ ಹಂತಕ್ಕೇ ಬರಲಿಲ್ಲ!

2008ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಿರುಗಿಸಿತು. ತೀರ್ಪು ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಅವರ ತರ್ಕ ನಮಗೆ ಬೇಗ ಅರ್ಥ ಆಗುತ್ತೆ: ಫಂಕ್ಷನ್ನಿನ ಹೆಸರು ಏನಾದ್ರೂ ಇರಲಿ, ಒಳಗೆ ಅದು ಏನು ಮಾಡುತ್ತೆ ನೋಡಿ. ನಿಜವಾದ ಜಾಯಿಂಟ್ ವೆಂಚರ್ ಆಗಬೇಕಾದ್ರೆ ಇಬ್ಬರಿಗೂ ವ್ಯವಹಾರದ ಮೇಲೆ ಹಿಡಿತ ಇರಬೇಕು, ಲಾಭ ನಷ್ಟ ಎರಡರಲ್ಲೂ ಪಾಲಿರಬೇಕು. ಇಲ್ಲಿ ಮೇಲಿನ ಮಹಡಿಗಳನ್ನು ಬಿಲ್ಡರ್ ಎಷ್ಟಕ್ಕೆ ಮಾರಿದ, ಎಷ್ಟು ಉಳಿಸಿದ ಅನ್ನೋದಕ್ಕೂ ಮಾಲೀಕರಿಗೂ ಸಂಬಂಧವೇ ಇಲ್ಲ. ಅವರಿಗೆ ಬೇಕಾಗಿದ್ದು ಒಂದು ಮನೆ. ಅದಕ್ಕೆ ದುಡ್ಡಿನ ಬದಲು ಜಾಗದ ಪಾಲು ಕೊಟ್ಟರು, ಅಷ್ಟೇ. ಹಾಗಾಗಿ ಬಿಲ್ಡರ್ ಸೇವೆ ಕೊಡುವವನು, ಮಾಲೀಕರು ಗ್ರಾಹಕರು.

ನನಗೆ ಅದಕ್ಕಿಂತ ಇಷ್ಟವಾದ ಭಾಗ ಸರ್ಟಿಫಿಕೇಟ್ ಬಗ್ಗೆ ಇದೆ. "ಅರ್ಜಿ ಹಾಕಿದ್ದೀನಿ, ಪಾಲಿಕೆಯವರು ಕೊಟ್ಟಿಲ್ಲ, ನಾನೇನು ಮಾಡ್ಲಿ?" ಅಂತ ಬಿಲ್ಡರ್ ಕೈ ತೊಳೆದುಕೊಳ್ಳೋ ಹಾಗಿಲ್ಲ. ಅರ್ಜಿ ಹಾಕಿ ಅದನ್ನು ಪಡೆಯೋದು ಅವನ ಕರ್ತವ್ಯ. ಪಾಲಿಕೆ ಸುಮ್ಮನೆ ತಡೆಹಿಡಿದಿದ್ರೆ ಅವನೇ ಹೋರಾಡಬೇಕು. ಅವನು ನಕ್ಷೆ ಮೀರಿದ್ದರಿಂದ ಸಿಗ್ತಿಲ್ಲ ಅಂದ್ರೆ ಸರಿಪಡಿಸಬೇಕು, ಆಗದಿದ್ರೆ ಪರಿಹಾರ ಕೊಡಬೇಕು. ಓಸಿ ಇಲ್ಲದ ಮನೆಗಳಲ್ಲಿ ವರ್ಷಗಟ್ಟಲೆ ಕೂತಿರೋ ನಮ್ಮವರು ಈ ಭಾಗ ಓದಲೇಬೇಕು.

ಖುಷಿ ಪಡೋ ಮುಂಚೆ ಒಂದು ಮಾತು. ಒಪ್ಪಂದ 1991ರದ್ದು, ತೀರ್ಪು 2008ರದ್ದು. ಹದಿನೇಳು ವರ್ಷ ಆದಮೇಲೂ ಕೋರ್ಟ್ ಹೇಳಿದ್ದು, ಕೇಸ್ ಮತ್ತೆ ಜಿಲ್ಲಾ ವೇದಿಕೆಗೆ ಹೋಗಲಿ, ಈಗ ವಿಚಾರಣೆ ನಡೆಸಿ ಅಂತ.

ಸರಿ, ಒಂದು ಮನೆ ಬದಲು ಹತ್ತಾರು ಫ್ಲ್ಯಾಟ್ ಬಂದರೆ? ಆಂಧ್ರದ ಬುಂಗಾ ಡೇನಿಯಲ್ ಬಾಬು ಪ್ರಕರಣದಲ್ಲಿ ಫ್ಲ್ಯಾಟ್‌ಗಳನ್ನು ಮಾಲೀಕರಿಗೆ 40, ಬಿಲ್ಡರ್‌ಗೆ 60ರಂತೆ ಹಂಚೋ ಮಾತಾಗಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಅಲ್ಲೂ ಮಾಲೀಕರು ಗ್ರಾಹಕರೇ ಅಂದಿತು. ಆದರೆ ಮಾರಾಟದ ಹಣದಲ್ಲೇ ಪಾಲು, ನಿರ್ಧಾರಗಳಲ್ಲೂ ಕೈ ಅಂತ ಬರೆಸಿಕೊಂಡರೆ ಕಥೆ ಬೇರೆ. ಆಗ ಸಿವಿಲ್ ಕೋರ್ಟೋ ಆರ್ಬಿಟ್ರೇಷನ್ನೋ ನೋಡ್ಕೋಬೇಕಾಗಬಹುದು. ಇನ್ನೊಂದು ತಿರುವು: ನಿಮ್ಮ ಪಾಲಿನ ಫ್ಲ್ಯಾಟ್‌ಗಳನ್ನು ನೀವೇ ಹೊರಗಿನವರಿಗೆ ಮಾರಿದ್ರೆ, 2016ರ ರೇರಾ ಕಾಯ್ದೆ ಪ್ರಕಾರ ಕಟ್ಟುವವನು, ಮಾರುವವನು ಇಬ್ಬರೂ ಪ್ರವರ್ತಕರೇ. ಕೊಂಡವರು ನಿಮ್ಮನ್ನೂ ಕೇಳಬಹುದು.

ಕೊನೆಗೆ ಜಿಪಿಎ. "ತಕರಾರು ಬಂದ್ರೆ ಕ್ಯಾನ್ಸಲ್ ಮಾಡಿದ್ರಾಯ್ತು" ಅಂತ ಧೈರ್ಯವಾಗಿ ಸಹಿ ಹಾಕ್ತಾರೆ. ಕರಾರು ಕಾಯ್ದೆಯ 202ನೇ ಸೆಕ್ಷನ್ ನೋಡಿ: ಅಧಿಕಾರ ಪಡೆದವನಿಗೇ ಆ ಆಸ್ತಿಯಲ್ಲಿ ಹಿತಾಸಕ್ತಿ ಇದ್ದರೆ, ಅದಕ್ಕೆ ಧಕ್ಕೆ ಆಗೋ ಹಾಗೆ ಸುಮ್ಮನೆ ರದ್ದು ಮಾಡಕ್ಕಾಗಲ್ಲ, ಒಪ್ಪಂದದಲ್ಲೇ ಹಾಗಂತ ಬರೆದಿರಬೇಕು. ಹಾಗಾಗಿ ಅಪ್ಪ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗೋ ಮುಂಚೆ ಡ್ರಾಫ್ಟನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ, ಊರಿನ ಲಾಯರ್ ಒಬ್ಬರಿಗೆ ತೋರಿಸಿ. ಮಾರೋ ಅಧಿಕಾರ ಬಿಲ್ಡರ್ ಪಾಲಿಗೆ ಮಾತ್ರ ಇರಲಿ, ಅದೂ ಕೆಲಸ ನಡೆದ ಹಾಗೆ ಹಂತ ಹಂತವಾಗಿ. ಕೊನೆಯ ಒಂದೆರಡು ಫ್ಲ್ಯಾಟ್ ಮಾರೋ ಅಧಿಕಾರ ಓಸಿ ಕೈಗೆ ಬಂದ ಮೇಲೇ ಸಿಗಲಿ.