ಹಳೆಯ ಬಂದೂಕುಗಳ ಮೇಲಿನ ಮಾರಾಟಗಾರರ ಹೆಸರು

ಮಾರಾಟಗಾರರ ಹೆಸರು ಎಂದರೆ ಹಳೆಯ ಬಂದೂಕಿನ ನಳಿಗೆಯ ಮೇಲೆ ಅಥವಾ ಪಕ್ಕದ ಲೋಹದ ತಗಡಿನ ಮೇಲೆ ಕೆತ್ತಲಾಗುತ್ತಿದ್ದ, ಅದನ್ನು ಮಾರಿದ ಅಂಗಡಿಯ ಹೆಸರು. ಇದನ್ನೇ ತಯಾರಕರ ಹೆಸರೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ತಯಾರಕರು ಅನ್ಯ ವ್ಯಾಪಾರಿಗಳಿಗೆ ಸಗಟಾಗಿ ಬಂದೂಕುಗಳನ್ನು ಒದಗಿಸುತ್ತಿದ್ದರು. ಕೊಳ್ಳುವ ವ್ಯಾಪಾರಿಯ ಹೆಸರನ್ನೂ ಊರನ್ನೂ ಅವುಗಳ ಮೇಲೆ ಕೆತ್ತಿಸುವುದು ರೂಢಿಯಾಗಿತ್ತು.

ಭಾರತದಲ್ಲಿ

ಇಂದಿನ ಬಂಡೀಪುರದ ಕಾಡು ಹಿಂದೆ ಮೈಸೂರು ಅರಸರ ಬೇಟೆಯ ತಾಣವಾಗಿತ್ತು. 1931ರಲ್ಲಿ ಅದರ ಸುಮಾರು 90 ಚದರ ಕಿ.ಮೀ. ಭಾಗವು ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ಮದರಾಸು ಆಮದು ಸರಕಿನ ದೊಡ್ಡ ಪೇಟೆಯಾಗಿದ್ದುದರಿಂದ ಗುಂಡ್ಲುಪೇಟೆ, ಚಾಮರಾಜನಗರಗಳ ಕಡೆಯ ಹಳೆಯ ಕೋವಿಯೊಂದರ ಮೇಲೆ ಆ ಊರಿನ ಹೆಸರು ಕಂಡರೆ ಅಚ್ಚರಿಪಡಬೇಕಿಲ್ಲ. ಗಡಿಯಾರಗಳಿಗೆ ಹೆಸರಾದ ಮದರಾಸಿನ ಪಿ. ಆರ್ ಅಂಡ್ ಸನ್ಸ್ ಬಂದೂಕುಗಳನ್ನೂ ಮಾರುತ್ತಿತ್ತು.

ಕಲ್ಕತ್ತೆಯ ಮ್ಯಾಂಟನ್ ಅಂಡ್ ಕಂಪನಿಯ ಹೆಸರು ಇನ್ನಷ್ಟು ಗೊಂದಲ ಹುಟ್ಟಿಸುತ್ತದೆ. ಲಂಡನ್ನಿನ ಖ್ಯಾತ ಕುಶಲಕರ್ಮಿ ಜೋಸೆಫ್ ಮ್ಯಾಂಟನ್ 1835ರಲ್ಲಿಯೇ ನಿಧನನಾದನು. ಹಿಂಬದಿಯಿಂದ ತೋಟಾ ತುಂಬುವ ಕೋವಿಗಳು ಬ್ರಿಟನ್ನಿನಲ್ಲಿ ಬಳಕೆಗೆ ಬಂದುದು 1851ರ ಅನಂತರ. ಆದುದರಿಂದ ಅಂತಹ ಕೋವಿಯ ಮೇಲೆ ಮ್ಯಾಂಟನ್ ಎಂದಿದ್ದರೂ, ಹಳೆಯದನ್ನು ಮಾರ್ಪಡಿಸಿದ್ದಲ್ಲದಿದ್ದರೆ, ಅದು ಆತನ ಕೈಕೆಲಸವಾಗಿರಲಾರದು.

ಕಲ್ಕತ್ತೆಯ ರೊಡ್ಡಾ ಕಂಪನಿಯ ಪ್ರಕರಣವೂ ಗಮನಾರ್ಹ. 1914ರ ಆಗಸ್ಟ್ 26ರಂದು ಕ್ರಾಂತಿಕಾರಿಗಳು ಅದಕ್ಕೆ ಬಂದಿದ್ದ 50 ಮೌಸರ್ ಪಿಸ್ತೂಲುಗಳನ್ನೂ 46,000 ತೋಟಾಗಳನ್ನೂ ಅಪಹರಿಸಿದರು. ಪಿಸ್ತೂಲುಗಳು ಜರ್ಮನಿಯಲ್ಲಿ ತಯಾರಾದವು. ರೊಡ್ಡಾ ಕೇವಲ ಮಾರಾಟಗಾರ. ಆದರೆ ಪ್ರತಿ ಪಿಸ್ತೂಲಿನ ಸಂಖ್ಯೆಯೂ ಆ ಅಂಗಡಿಯ ದಾಖಲೆಯಲ್ಲಿತ್ತು.

ತಯಾರಕರನ್ನು ಗುರುತಿಸುವುದು

ಅಲಂಕೃತವಾದ ಮೇಲ್ಭಾಗಕ್ಕಿಂತ ನಳಿಗೆಯ ತಳಭಾಗವೇ ಹೆಚ್ಚಿನ ವಿಷಯವನ್ನು ತಿಳಿಸುತ್ತದೆ. ಅಲ್ಲಿ ಪರೀಕ್ಷಾ ಮುದ್ರೆ, ಕ್ರಮಸಂಖ್ಯೆ ಹಾಗೂ ಕೆಲವೊಮ್ಮೆ ಕೆಲಸಗಾರರ ಮೊದಲಕ್ಷರಗಳಿರುತ್ತವೆ. ಬ್ರಿಟನ್ನಿನಲ್ಲಿ ಮಾರುವ ಬಂದೂಕಿನ ನಳಿಗೆಯು ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದಲ್ಲಿ ತೇರ್ಗಡೆಯಾಗಬೇಕಿತ್ತು. ಮೇಲೆ ‘ಲಂಡನ್’ ಎಂದಿದ್ದು ಕೆಳಗೆ ಬರ್ಮಿಂಗ್‌ಹ್ಯಾಮಿನ ಮುದ್ರೆಯಿದ್ದರೆ ತಯಾರಿಕೆಯ ಸ್ಥಳದ ಬಗ್ಗೆ ಮುದ್ರೆಗೇ ಹೆಚ್ಚಿನ ಬೆಲೆ ಕೊಡಬೇಕು. ಅಂಡಾಕೃತಿಯೊಳಗೆ ‘ಇ ಎಲ್ ಜಿ’ ಎಂಬ ರೋಮನ್ ಅಕ್ಷರಗಳಿದ್ದರೆ ಅದು ಬೆಲ್ಜಿಯಮ್ಮಿನ ಲಿಯೆಜ್ ನಗರದ ಮುದ್ರೆ.

ಹಾಗೆಂದು ಅಂಗಡಿಯ ಹೆಸರು ನಿರರ್ಥಕವಲ್ಲ. ಅಂಗಡಿಗಳು ಸ್ಥಳ ಬದಲಾಯಿಸುತ್ತಿದ್ದುದರಿಂದ ಹೆಸರಿನೊಡನೆ ಕೆತ್ತಿದ ವಿಳಾಸವು ಮಾರಾಟದ ಕಾಲವನ್ನು ಅಂದಾಜಿಸಲು ನೆರವಾಗುತ್ತದೆ.

ಕಾನೂನು

ಹಳೆಯ ಹೆಸರಿದ್ದ ಮಾತ್ರಕ್ಕೆ ಬಂದೂಕಿಗೆ ಪರವಾನಗಿಯಿಂದ ವಿನಾಯಿತಿ ದೊರೆಯುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಮಿನ ವಿನಾಯಿತಿಯು, ದುರಸ್ತಿ ಮಾಡಿದರೂ ಬಳಸಲಾಗದ ಹಳೆಯ ಆಯುಧಗಳಿಗೆ ಸೀಮಿತವಾಗಿದೆ.