ಶೆಲ್ಟರ್‌ಗೆ ಬಿಟ್ಟರೆ ಮರಿ ಬದುಕುತ್ತದೆಯೇ?

“ಪಾಪ, ಬೀದೀಲಿದ್ವು ಮೇಡಂ. ನಿಮ್ಮಲ್ಲಿ ಬಿಟ್ರೆ ಚೆನ್ನಾಗಿರ್ತವೆ ಅಂತ ತಂದ್ವಿ.”

ಬೆಂಗಳೂರಿನ ಪ್ರಾಣಿ ಶೆಲ್ಟರ್‌ಗಳ ಗೇಟಿನಲ್ಲಿ ಬೆಳಗಾದರೆ ಕೇಳುವ ಮಾತಿದು. ಹೇಳುವವರ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ನಾಲ್ಕೈದು ನಾಯಿಮರಿ. ತಾಯಿಹಾಲು ಕುಡಿದು ದುಂಡಗಾದ ಹೊಟ್ಟೆ, ಹೊಳೆಯುವ ಕಣ್ಣು, ಮೈಮೇಲೆ ಒಂದು ಗೀರೂ ಇಲ್ಲ. ತಾಯಿ ಎಲ್ಲಿ ಎಂದು ಕೇಳಿದರೆ “ಅಲ್ಲೇ ಎಲ್ಲೋ ಓಡಾಡ್ಕೊಂಡಿತ್ತು” ಎನ್ನುತ್ತಾರೆ. ತಂದವರ ಮನಸ್ಸು ಒಳ್ಳೆಯದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರು ನಂಬಿಕೊಂಡು ಬಂದಿರುವುದು ಸುಳ್ಳು. ಆರೋಗ್ಯವಾಗಿರುವ, ತಾಯಿಯ ಜೊತೆಗಿರುವ, ಇನ್ನೂ ಲಸಿಕೆಯಾಗದ ಮರಿಗೆ ನಗರದ ಶೆಲ್ಟರ್‌ನಷ್ಟು ಅಪಾಯದ ಜಾಗ ಹುಡುಕಿದರೂ ಸಿಗುವುದು ಕಷ್ಟ. ಶೆಲ್ಟರ್‌ನಲ್ಲಿ ಕೆಲಸ ಮಾಡುವವಳೇ ಇದನ್ನು ಹೇಳುತ್ತಿದ್ದೇನೆ.

ಒಳಗೆ ಯಾರಿರುತ್ತಾರೆ ಎಂಬುದನ್ನು ಒಮ್ಮೆ ಯೋಚಿಸಿ. ಗಾಡಿ ಹಾಯ್ದು ಸೊಂಟ ಮುರಿದವು, ಗಾಯದಲ್ಲಿ ಹುಳ ಬಿದ್ದವು, ಕಜ್ಜಿ ಹತ್ತಿ ಕೂದಲೆಲ್ಲ ಉದುರಿದವು, ಉಣ್ಣೆ ಕಚ್ಚಿ ಜ್ವರ ಬಂದವು, ಡಿಸ್ಟೆಂಪರ್ ತಗುಲಿ ಕಾಲು ಅದುರುತ್ತಿರುವವು, ಪಾರ್ವೊ ಆಗಿ ರಕ್ತಭೇದಿಯಲ್ಲಿ ಬಿದ್ದಿರುವವು. ಊರಿನ ಕಾಯಿಲೆಯ ಪ್ರಾಣಿಗಳೆಲ್ಲ ಒಂದೇ ಕಾಂಪೌಂಡಿಗೆ ಬಂದು ಸೇರುತ್ತವೆ. ಶೆಲ್ಟರ್ ಇರುವುದೇ ಅದಕ್ಕೆ. ಅಂಥ ಕಡೆಗೆ ಏನೂ ಆಗದ ಮರಿಗಳನ್ನು ತಂದು ಕೊಟ್ಟು ಕೈಮುಗಿದು ಹೋಗುತ್ತಾರೆ.

ಪಾರ್ವೊ ವೈರಸ್ ನಾಯಿಗಳಲ್ಲಿ ಪತ್ತೆಯಾದದ್ದು 1978ರಲ್ಲಿ. ಒಂದೆರಡು ವರ್ಷದಲ್ಲೇ ಅದು ಜಗತ್ತಿನಾದ್ಯಂತ ಹರಡಿತು. ಕಾಯಿಲೆಯ ನಾಯಿಯ ಮಲದಲ್ಲಿ ಹೊರಬಿದ್ದ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಚಪ್ಪಲಿಗೆ, ಪೊರಕೆಗೆ, ಅನ್ನದ ತಟ್ಟೆಗೆ, ಎತ್ತಿಕೊಂಡವರ ಕೈಗೆ ಅಂಟಿಕೊಂಡು ಕೆನಲಿನಿಂದ ಕೆನಲಿಗೆ ಹೋಗುತ್ತದೆ. ಮರಿಯ ಮೈ ಸೇರಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಹಿಡಿಯುತ್ತದೆ. ಅಷ್ಟು ದಿನ ಮರಿ ಆಡುತ್ತದೆ, ತಿನ್ನುತ್ತದೆ, ಬಾಲ ಅಲ್ಲಾಡಿಸುತ್ತದೆ. ಆಮೇಲೆ ಒಂದು ಬೆಳಿಗ್ಗೆ ತಟ್ಟೆಯ ಹತ್ತಿರ ಬರುವುದಿಲ್ಲ. ಮಧ್ಯಾಹ್ನಕ್ಕೆ ವಾಂತಿ, ರಾತ್ರಿಗೆ ರಕ್ತಭೇದಿ. ಕರುಳಿನ ಒಳಪದರವನ್ನೂ ಮೂಳೆಯ ಮಜ್ಜೆಯನ್ನೂ ವೈರಸ್ ಒಟ್ಟಿಗೆ ಹಾಳುಮಾಡುವುದರಿಂದ ಹೊಟ್ಟೆಗೆ ಹೋದದ್ದು ಮೈಗೆ ಹತ್ತುವುದಿಲ್ಲ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೂ ಇರುವುದಿಲ್ಲ. ಚಿಕಿತ್ಸೆ ಸಿಗದ ಮರಿಗಳಲ್ಲಿ ಬಹುಪಾಲು ಸಾಯುತ್ತವೆ.

ಬಿಟ್ಟುಹೋದವರು ಆ ರಾತ್ರಿ ಅಲ್ಲಿರುವುದಿಲ್ಲ. ಅವರ ಫೋನಿನಲ್ಲಿ ಉಳಿದಿರುವುದು ಗೇಟಿನ ಮುಂದೆ ಮರಿಗಳನ್ನು ಎತ್ತಿಕೊಂಡು ತೆಗೆಸಿಕೊಂಡ ಫೋಟೊ. ಈ ನಂಬಿಕೆ ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಇದೇ ಕಾರಣವೆಂದು ನನಗೆ ಅನ್ನಿಸುತ್ತದೆ. ಅದು ಸುಳ್ಳೆಂದು ತಿಳಿಯುವ ಹೊತ್ತಿಗೆ ನಂಬಿದವರು ಮನೆಗೆ ಹೋಗಿ ವಾರವಾಗಿರುತ್ತದೆ.

“ಬಂದ ತಕ್ಷಣ ಲಸಿಕೆ ಹಾಕಿದರಾಯ್ತಲ್ಲ?” ಎಂದು ಓದಿಕೊಂಡವರೇ ಕೇಳುತ್ತಾರೆ. ಹಾಕುತ್ತೇವೆ. ಆದರೆ ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣುಹಾಲಿನಿಂದ ಮರಿಗೆ ತಾಯಿಯ ಪ್ರತಿಕಾಯಗಳು ಬಂದಿರುತ್ತವೆ. ವಾರ ಕಳೆದಂತೆ ಅವು ಕರಗುತ್ತಾ ಹೋಗುತ್ತವೆ. ನಡುವೆ ಕೆಲವು ವಾರ ಅವು ಕಾಯಿಲೆ ತಡೆಯಲು ಸಾಲದಷ್ಟು ಕಡಿಮೆ, ಆದರೆ ಹಾಕಿದ ಲಸಿಕೆಯನ್ನು ಕೆಡಿಸುವಷ್ಟು ಹೆಚ್ಚು ಇರುತ್ತವೆ. ಯಾವ ಮರಿಗೆ ಈ ಗಂಡಾಂತರ ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆಂದು ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ. ಆದ್ದರಿಂದಲೇ ಆರು ವಾರದ ಸುಮಾರಿಗೆ ಶುರುಮಾಡಿ ಹದಿನಾರು ವಾರವಾಗುವವರೆಗೆ ಮತ್ತೆ ಮತ್ತೆ ಲಸಿಕೆ ಹಾಕುವುದು. ಲಸಿಕೆ ನಾಟಿದರೂ ಅದು ಕೆಲಸ ಮಾಡಲು ಕೆಲವು ದಿನ ಬೇಕು. ವೈರಸ್ ಅಷ್ಟು ದಿನ ಕಾಯುವುದಿಲ್ಲ.

ಇನ್ನು ಶುಚಿತ್ವ. ದಾನ ಕೊಡುವವರು ಪ್ರೀತಿಯಿಂದ ಕ್ಯಾನುಗಟ್ಟಲೆ ಫಿನಾಯಿಲ್ ತಂದುಕೊಡುತ್ತಾರೆ. ಫಿನಾಯಿಲ್ ವಾಸನೆ ಬಂದರೆ ಜಾಗ ಶುದ್ಧ ಎಂದು ನಮ್ಮ ಮನೆಗಳಲ್ಲಿ ಕಲಿತದ್ದು. ಪಾರ್ವೊಗೆ ಫಿನಾಯಿಲ್ ಏನೂ ಮಾಡುವುದಿಲ್ಲ, ಬೆಕ್ಕುಗಳಿಗಂತೂ ಅದು ವಿಷ. ಬೇಕಾದ್ದು ಬ್ಲೀಚ್. ಅದನ್ನೂ ಹಾಗೇ ಸುರಿದರೆ ಪ್ರಯೋಜನವಿಲ್ಲ. ಮಲ, ಕೂದಲು, ಅನ್ನದಗುಳು ಇರುವ ನೆಲದಲ್ಲಿ ಬ್ಲೀಚಿನ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಮೊದಲು ಬಳಿದು ತೆಗೆಯಬೇಕು, ಸೋಪು ಹಾಕಿ ತಿಕ್ಕಿ ತೊಳೆಯಬೇಕು, ಆಮೇಲೆ ಬ್ಲೀಚ್ ನೀರು ಹರಡಿ ಹತ್ತು ನಿಮಿಷ ಬಿಡಬೇಕು, ಮತ್ತೆ ತೊಳೆದು ಒಣಗಿಸಬೇಕು. ಒದ್ದೆ ನೆಲದ ಮೇಲೆ ನಾಯಿ ಬಿಟ್ಟರೆ ಅಂಗಾಲು ಸುಲಿಯುತ್ತದೆ. ಇಷ್ಟೂ ಕೆಲಸ ಒಂದು ಕೆನಲಿಗೆ. ಅದೂ ಕ್ರಮ ತಪ್ಪದಂತೆ: ಮೊದಲು ಆರೋಗ್ಯದ ಮರಿಗಳು, ಆಮೇಲೆ ದೊಡ್ಡ ನಾಯಿಗಳು, ಕೊನೆಗೆ ಐಸೋಲೇಶನ್. ಪ್ರತಿ ವಾರ್ಡಿಗೂ ಬೇರೆ ಪೊರಕೆ, ಬೇರೆ ಬಕೆಟ್, ಬೇರೆ ಚಪ್ಪಲಿ. ಐಸೋಲೇಶನ್‌ಗೆ ಹೋದವರು ಆ ಪಾಳಿಯಲ್ಲಿ ಮತ್ತೆ ಮರಿಗಳ ಕಡೆ ಬರುವಂತಿಲ್ಲ. ಒಬ್ಬರು ರಜೆ ಹಾಕಿದರೆ ಈ ಕ್ರಮವೇ ಕುಸಿಯುತ್ತದೆ.

ಐಸೋಲೇಶನ್ ವಾರ್ಡಿನ ಕೆಲಸ ಎಂಥದೆಂದು ಹೊರಗಿನವರಿಗೆ ಗೊತ್ತಿಲ್ಲ. ಒಂದೂವರೆ ತಿಂಗಳ ಮರಿಯ ಮುಂಗಾಲು ನನ್ನ ಕಿರುಬೆರಳಿಗಿಂತ ತುಸು ದಪ್ಪ. ಭೇದಿಯಾಗಿ ಮೈಯ ನೀರೆಲ್ಲ ಹೋಗಿರುವುದರಿಂದ ರಕ್ತನಾಳ ಕೈಗೇ ಸಿಗುವುದಿಲ್ಲ. ಕೂದಲು ಬೋಳಿಸಿ, ಕಾಲನ್ನು ಒತ್ತಿ ಹಿಡಿದು, ನಾಳ ಉಬ್ಬುವವರೆಗೆ ಕಾದು ಡಾಕ್ಟ್ರು ಕ್ಯಾನುಲಾ ಹಾಕುತ್ತಾರೆ. ಮರಿ ಕಚ್ಚಿ ಕೀಳದಂತೆ ಮೇಲೆ ಪ್ಲಾಸ್ಟರ್ ಸುತ್ತಬೇಕು. ಡ್ರಿಪ್ ಹನಿಯುವಾಗ ಪಕ್ಕದಲ್ಲಿ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡಬೇಕು, ಏಕೆಂದರೆ ಇಷ್ಟು ಚಿಕ್ಕ ಮೈ ತಣ್ಣಗಾದರೆ ಯಾವ ಔಷಧವೂ ನಾಟುವುದಿಲ್ಲ. ಆಗಾಗ ತುಟಿ ಎತ್ತಿ ಒಸಡನ್ನು ಬೆರಳಲ್ಲಿ ಒತ್ತಿ ನೋಡುತ್ತೇವೆ. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಿದರೆ ಆಸೆಯಿದೆ. ಮರಳದಿದ್ದರೆ ಡಾಕ್ಟ್ರಿಗೆ ಕೂಗು. ಈ ಆರೈಕೆ ಹಗಲೂ ರಾತ್ರಿ ಸಿಕ್ಕರೆ ಪಾರ್ವೊ ಆದ ಮರಿಯೂ ಬದುಕುತ್ತದೆ, ಬದುಕಿದ್ದನ್ನು ಕಂಡಿದ್ದೇವೆ. ಆದರೆ ಒಂದೇ ಪೆಟ್ಟಿಗೆಯ ಐದೂ ಮರಿಗಳು ಒಂದೇ ರಾತ್ರಿ ಮಲಗಿದರೆ, ಇರುವ ಎರಡು ಕೈ ಯಾವುದರ ಹತ್ತಿರ ಇರಬೇಕು?

ಕಾಯಿಲೆ ತಪ್ಪಿಸಿಕೊಂಡ ಮರಿಯ ಕಥೆಯೂ ಸುಖದ್ದಲ್ಲ. ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದವರೆಗೆ ನಾಯಿಮರಿ ಜಗತ್ತನ್ನು ಕಲಿಯುವ ಕಾಲ. ಮನುಷ್ಯರು, ಮಕ್ಕಳು, ಸ್ಕೂಟರ್, ಪಟಾಕಿ, ಬೇರೆ ನಾಯಿಗಳು, ಇವೆಲ್ಲ ಆಗ ಅಭ್ಯಾಸವಾಗಬೇಕು. ಬೀದಿಯಲ್ಲಿ ತಾಯಿಯೇ ಅದನ್ನು ಕಲಿಸುತ್ತಾಳೆ. ಕೆನಲಿನ ನಾಲ್ಕು ಗೋಡೆಯ ನಡುವೆ ಆ ಕಾಲ ಕಳೆದುಹೋದ ಮರಿ ಅಂಜುಬುರುಕ ನಾಯಿಯಾಗುತ್ತದೆ, ಅಂಜುವ ನಾಯಿಯನ್ನು ಯಾರೂ ಮನೆಗೆ ಕರೆದೊಯ್ಯುವುದಿಲ್ಲ. “ನೀವು ಯಾರಿಗಾದ್ರೂ ದತ್ತು ಕೊಡ್ತೀರಲ್ಲ” ಎನ್ನುವವರು, ತಮ್ಮ ಬಂಧುಬಳಗದಲ್ಲೇ ಒಂದು ನಾಟಿ ಮರಿಗೆ ಮನೆ ಹುಡುಕಿ ನೋಡಲಿ.

ಇದೇ ನಂಬಿಕೆ ದೊಡ್ಡ ರೂಪದಲ್ಲಿ ದೇಶದ ಮುಂದೆಯೂ ಬಂತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ನಲ್ಲಿಡಿ ಎಂದಿತು. ಅದೇ ತಿಂಗಳ 22ರಂದು ಮೂವರ ಪೀಠ ಆ ಆದೇಶ ಬದಲಿಸಿ, ರೇಬಿಸ್ ಇರುವ, ಅದರ ಶಂಕೆಯಿರುವ ಮತ್ತು ಮೇಲೆರಗುವ ನಾಯಿಗಳ ಹೊರತು ಉಳಿದವನ್ನು ಸಂತಾನಹರಣ ಮಾಡಿ, ಲಸಿಕೆ ಹಾಕಿ ಹಿಡಿದಲ್ಲೇ ಬಿಡಬೇಕೆಂದಿತು. 2023ರ ಪ್ರಾಣಿ ಜನನ ನಿಯಂತ್ರಣ (ಎಬಿಸಿ) ನಿಯಮಗಳು ಹೇಳುವುದೂ ಇದನ್ನೇ. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಸ್ಥಳಗಳ ಆವರಣದ ನಾಯಿಗಳನ್ನು ಮಾತ್ರ ಶೆಲ್ಟರ್‌ಗೆ ಸಾಗಿಸುವಂತೆ ಮತ್ತೊಂದು ಆದೇಶ ಬಂತು. ಪ್ರತಿ ಸಲವೂ “ಎಲ್ಲವನ್ನೂ ಶೆಲ್ಟರ್‌ಗೆ ಹಾಕಿ, ಅವೂ ಸುಖವಾಗಿರ್ತವೆ, ನಾವೂ ಸುಖವಾಗಿರ್ತೀವಿ” ಎಂದವರನ್ನು ಕೇಳಿ ನನಗೆ ರೇಗಿಹೋಯಿತು. ಬೀದಿನಾಯಿ ಕಚ್ಚಿದವರ ಸಂಕಟ ಸಣ್ಣದಲ್ಲ, ಮಕ್ಕಳ ತಾಯಂದಿರ ಭಯ ನಿಜವಾದದ್ದು. ಆದರೆ 2023ರಲ್ಲಿ ಬಿಬಿಎಂಪಿ ನಡೆಸಿದ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ಒಬ್ಬ ಕೆಲಸಗಾರನಿಗೆ 50 ನಾಯಿ ಎಂದಿಟ್ಟುಕೊಂಡರೂ 5,500ಕ್ಕೂ ಹೆಚ್ಚು ಜನ ದಿನಾ ಬೆಳಿಗ್ಗೆ ಪೊರಕೆ ಹಿಡಿಯಬೇಕು. ಅಡುಗೆ, ಔಷಧ, ಡಾಕ್ಟ್ರು, ಜಾಗ ಇವೆಲ್ಲ ಬೇರೆ.

ಉಳಿದ ತಪ್ಪು ಕಲ್ಪನೆಗಳಿಗೆ ಒಂದೆರಡು ಮಾತು ಸಾಕು.

ಹಸುವಿನ ಹಾಲು ಮರಿಗೆ ಅಮೃತವಲ್ಲ. ನಾಯಿಯ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಸುಮಾರು ಎರಡರಷ್ಟಿರುತ್ತದೆ, ಹಸುವಿನ ಹಾಲಿನಿಂದ ಎಷ್ಟೋ ಮರಿಗಳಿಗೆ ಭೇದಿಯಾಗುತ್ತದೆ.

ಹೆಣ್ಣುನಾಯಿ ಒಂದು ಸಲವಾದರೂ ಮರಿ ಹಾಕಲೇಬೇಕೆಂಬುದಕ್ಕೆ ಯಾವ ಆಧಾರವೂ ಇಲ್ಲ. ಸಂತಾನಹರಣದಿಂದ ಗರ್ಭಕೋಶದಲ್ಲಿ ಕೀವಾಗಿ ಸಾಯುವ ಅಪಾಯವೇ ತಪ್ಪುತ್ತದೆ.

ಕಿವಿಯ ತುದಿ ಕತ್ತರಿಸಿರುವುದು ಕ್ರೌರ್ಯವಲ್ಲ, ಮತ್ತಿನಲ್ಲಿರುವಾಗ ಮಾಡುವ ಸಂತಾನಹರಣದ ಗುರುತು ಅದು.

ಮೂಗು ಒಣಗಿದ್ದರೆ ಜ್ವರ ಎನ್ನಬೇಡಿ, ಥರ್ಮಾಮೀಟರ್ ಹಾಕಿ.

ನಾಯಿ ಕಚ್ಚಿದ ಗಾಯಕ್ಕೆ ಖಾರದಪುಡಿ, ಸುಣ್ಣ, ಅರಿಶಿನ ಮೆತ್ತುವುದನ್ನು ದಯವಿಟ್ಟು ನಿಲ್ಲಿಸಿ: ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಕೊಡುವ ಕಾಲ ಎಂದೋ ಮುಗಿಯಿತು. ಮರಿ ಕಚ್ಚಿದರೂ ರೇಬಿಸ್ ಬರಬಹುದು.

ಇವೆಲ್ಲಕ್ಕೂ ಬೇರು ಒಂದೇ ಎಂದು ನನಗೆ ಕಾಣುತ್ತದೆ. ನಮಗೆ ಸಮಾಧಾನ ಕೊಡುವ ಮಾತನ್ನು ನಾವು ಪರೀಕ್ಷಿಸುವುದಿಲ್ಲ. ತೆಂಗಿನಕಾಯಿ ಕೊಳ್ಳುವಾಗ ಕುಲುಕಿ ನೋಡುವ ಜನ ನಾವು. ಬಾಡಿಗೆ ಮನೆಗೆ ನೀರು ಎಷ್ಟು ಹೊತ್ತು ಬರುತ್ತದೆ, ಮಗುವಿನ ಶಾಲೆಯಲ್ಲಿ ಒಂದು ತರಗತಿಗೆ ಎಷ್ಟು ಮಕ್ಕಳು, ಎಲ್ಲವನ್ನೂ ಕೆದಕಿ ಕೇಳುತ್ತೇವೆ. ಆದರೆ ಐದು ಜೀವಗಳನ್ನು ಒಪ್ಪಿಸುವ ಜಾಗದಲ್ಲಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ, ಏಕೆಂದರೆ ಉತ್ತರ ಕೇಳಿದರೆ ಪೆಟ್ಟಿಗೆಯನ್ನು ಮನೆಗೆ ವಾಪಸ್ ಒಯ್ಯಬೇಕಾಗಬಹುದು. ಫೋನಿಗೆ ಬರುವ ಪಾರ್ವೊ ಮನೆಮದ್ದನ್ನು ನಂಬುವುದೂ ಹೀಗೇ. ವಾಂತಿ ಮಾಡಿ ಸೊರಗಿದ ಮರಿಯ ಬಾಯಿಗೆ ಯಾವುದೋ ಕಷಾಯ ಹೊಯ್ಯುತ್ತಾರೆ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಡ್ರಿಪ್ ಹಾಕಬೇಕಿದ್ದ ಅಮೂಲ್ಯ ಹೊತ್ತು ಅಲ್ಲೇ ಕಳೆದುಹೋಗುತ್ತದೆ. ಕಳಿಸಿದವರಿಗೆ ಆ ಮರಿ ಏನಾಯಿತೆಂದು ಗೊತ್ತೇ ಆಗುವುದಿಲ್ಲ, ಅವರು ನಾಳೆ ಇನ್ನೂ ಹತ್ತು ಜನಕ್ಕೆ ಅದನ್ನೇ ಕಳಿಸುತ್ತಾರೆ. ಪರಿಣಾಮ ಕಣ್ಣಿಗೆ ಬೀಳದ ಕಡೆ ಸುಳ್ಳಿಗೆ ಸಾವಿಲ್ಲ.

ಹಾಗಾದರೆ ಮರಿಗಳು ಕಂಡಾಗ ಏನು ಮಾಡಬೇಕು? ಮೊದಲು ದೂರ ನಿಂತು ಕಾಯಿರಿ. ತಾಯಿ ಊಟ ಹುಡುಕಿಕೊಂಡು ಹೋಗಿರುತ್ತಾಳೆ, ಬರಲು ಗಂಟೆಗಳೇ ಆಗಬಹುದು. ಅವಳಿಗೆ ದಿನಾ ಒಂದು ತಟ್ಟೆ ಅನ್ನ-ಮಾಂಸ, ಒಂದು ಬೋಗುಣಿ ನೀರು ಇಟ್ಟರೆ ಮರಿಗಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ರಸ್ತೆ ಅಂಚಿನಲ್ಲಿದ್ದರೆ ತಾಯಿ ನೋಡುತ್ತಿರುವಾಗಲೇ ಹತ್ತಿರದ ಸುರಕ್ಷಿತ ಮೂಲೆಗೆ ಸರಿಸಿ. ಆರು ವಾರ ದಾಟುತ್ತಿದ್ದಂತೆ ಡಾಕ್ಟ್ರನ್ನು ಕೇಳಿ ಲಸಿಕೆ ಶುರುಮಾಡಿಸಿ. ಮರಿಗಳು ಹಾಲು ಬಿಟ್ಟ ಮೇಲೆ ತಾಯಿಯ ಸಂತಾನಹರಣಕ್ಕೆ ಪಾಲಿಕೆಗೆ ಫೋನ್ ಮಾಡಿ. ತಾಯಿ ಸತ್ತಿರುವುದು ಖಚಿತವಾಗಿದ್ದರೆ ಮರಿಗಳನ್ನು ಕೆಲವು ವಾರ ನಿಮ್ಮ ಮನೆಯ ಬಾಲ್ಕನಿಯಲ್ಲೋ ಗ್ಯಾರೇಜಿನಲ್ಲೋ ಇಟ್ಟುಕೊಳ್ಳಿ, ಹೇಗೆ ಸಾಕಬೇಕೆಂದು ನಾವು ಹೇಳಿಕೊಡುತ್ತೇವೆ.

ಗಾಯವಾಗಿದೆಯೇ, ಹುಳ ಬಿದ್ದಿದೆಯೇ, ಎದ್ದು ನಿಲ್ಲಲಾಗುತ್ತಿಲ್ಲವೇ? ಒಂದು ಕ್ಷಣವೂ ತಡಮಾಡದೆ ತನ್ನಿ. ನಮ್ಮ ಕೆನಲು, ನಮ್ಮ ಡ್ರಿಪ್, ನಮ್ಮ ರಾತ್ರಿಗಳು ಇರುವುದು ಅವುಗಳಿಗಾಗಿಯೇ, ಮತ್ತು ಆರೋಗ್ಯದ ಮರಿಯೊಂದು ಹಿಡಿದ ಜಾಗ ಅಂಥದೊಂದು ನಾಯಿಗೆ ಸಿಗದೆ ಹೋಗುತ್ತದೆ. ತರುವ ಮುಂಚೆ ಫೋನ್ ಮಾಡಿ ಕೇಳಿ: ಐಸೋಲೇಶನ್‌ನಲ್ಲಿ ಈಗ ಪಾರ್ವೊ ಇದೆಯೇ, ಮರಿಗಳಿಗೆ ಬೇರೆ ಜಾಗವಿದೆಯೇ, ರಾತ್ರಿ ಯಾರಿರುತ್ತಾರೆ? ಕೆಲಸ ನೆಟ್ಟಗಿರುವ ಯಾವ ಶೆಲ್ಟರೂ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಬೇಸರಪಟ್ಟರೆ ಅಲ್ಲಿ ಮರಿಯನ್ನು ಬಿಡಲೇಬೇಡಿ.