ಆರೋಗ್ಯ ಮನಶ್ಶಾಸ್ತ್ರ: ಕಾಲೇಜು ಸೇರುವವರಿಗೊಂದು ಮಾತು

ವೈದ್ಯರು ಕೊಟ್ಟ ಮದ್ದನ್ನು, ಕೊಂಚ ಗುಣ ಕಂಡೊಡನೆ ಬಿಟ್ಟುಬಿಡುವವರು ನಮ್ಮಲ್ಲಿ ಎಷ್ಟು ಮಂದಿ! ಕ್ಷಯದಂಥ ರೋಗದಲ್ಲಿ ಇದು ಪ್ರಾಣಕ್ಕೇ ಮುಳುವಾದೀತು. ಮದ್ದಿನ ಗುಣವನ್ನು ವೈದ್ಯಶಾಸ್ತ್ರ ಬಲ್ಲದು. ರೋಗಿಯು ಅದನ್ನೇಕೆ ಬಿಟ್ಟನೆಂಬುದನ್ನು ಅರಸುವುದು ಆರೋಗ್ಯ ಮನಶ್ಶಾಸ್ತ್ರ. ೧೯೭೮ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘದಲ್ಲಿ ಪ್ರತ್ಯೇಕ ವಿಭಾಗವಾಗಿ ನೆಲೆಗೊಂಡ ಈ ವಿಷಯವನ್ನು ಇಂದು ನಮ್ಮ ದೇಶದಲ್ಲಿಯೂ ಬಿ.ಎ. ವಿದ್ಯಾರ್ಥಿಗಳು ಕೆಲವೆಡೆ ಓದುತ್ತಾರೆ.

ಇದು ದುಡಿಯುವವರಾದ ನಮಗೆ ದೂರದ ಶಾಸ್ತ್ರವಲ್ಲ. ಲಂಡನ್ನಿನ ಸರಕಾರಿ ಕಚೇರಿಗಳ ಸುಮಾರು ೧೮,೦೦೦ ಪುರುಷ ನೌಕರರನ್ನು ಕುರಿತು ೧೯೬೭ರಲ್ಲಿ ಆರಂಭವಾದ ‘ವೈಟ್‌ಹಾಲ್’ ಅಧ್ಯಯನದಲ್ಲಿ, ಹೃದ್ರೋಗದ ಮರಣಪ್ರಮಾಣವು ಮೇಲಧಿಕಾರಿಗಳಿಗಿಂತ ಜವಾನರೇ ಮೊದಲಾದ ಕೆಳದರ್ಜೆಯವರಲ್ಲಿ ಸುಮಾರು ಮೂರು ಪಟ್ಟು ಇತ್ತು. ಧೂಮಪಾನ, ರಕ್ತದೊತ್ತಡಗಳು ಈ ಅಂತರದ ಒಂದು ಭಾಗಕ್ಕೆ ಮಾತ್ರ ಕಾರಣವಾಗಿದ್ದವು. ೧೯೮೫ರಲ್ಲಿ ತೊಡಗಿದ ಎರಡನೆಯ ಅಧ್ಯಯನವು, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚೆಂದು ತೋರಿಸಿತು. ಗಲ್ಲಾದ ಕೂಗಿಗೆ ದಿನವಿಡೀ ಓಡುವ ಮಾಣಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳನ್ನು ಈ ಓದಿಗೆ ಕಳುಹಿಸುವ ಹಿರಿಯರು ಎರಡು ಸಂಗತಿಗಳನ್ನು ತಿಳಿದಿರಬೇಕು. ಲೆಕ್ಕಕ್ಕೆ ಹೆದರಿ ಇತ್ತ ಬಂದವರಿಗೂ ಸಂಖ್ಯಾಶಾಸ್ತ್ರ ತಪ್ಪದು. ಬರಿಯ ಬಿ.ಎ.ಯಿಂದ ಯಾರೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಲಾರರು. ಅದಕ್ಕೆ ಮುಂದಿನ ತರಬೇತಿಯೂ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯೂ ಅವಶ್ಯ. ಖರ್ಚಿನ ಲೆಕ್ಕವನ್ನು ಮೂರು ವರ್ಷಕ್ಕೇ ಮುಗಿಸಿದರೆ ನಡುದಾರಿಯಲ್ಲಿ ನಿಲ್ಲಬೇಕಾದೀತು.

ಆದರೂ, ರೋಗಿಯ ಮಾತನ್ನು ಅವನ ನುಡಿಯಲ್ಲಿಯೇ ಕೇಳಬಲ್ಲವರು ಪರಸ್ಥಳದ ಆಸ್ಪತ್ರೆಗಳಲ್ಲಿ ವಿರಳ. ನಮ್ಮ ಮನೆಗಳಿಂದ ಅಂಥವರು ಹೊರಡಲೆಂಬುದೇ ನಮ್ಮ ಹಾರೈಕೆ.